ಬೊಟ್ಟಿಟ್ಟ ರೆಗ್ಯುಲೇಟರು

ಬಾಗಲಗುಂಟೆಯ ನರೇಶನನ್ನು ನಾನು ಮೊದಲು ಕಂಡ ದಿನ ಅವನು ತನ್ನ ಮನೆಯ ಸಂಪಿನೊಳಗಿದ್ದ. ಅಂಗಳದಲ್ಲಿ ಕಬ್ಬಿಣದ ಮುಚ್ಚಳ ತೆರೆದಿತ್ತು, ನೀರಿನಿಂದ ಗುಳುಗುಳು ಗುಳ್ಳೆಗಳೇಳುತ್ತಿದ್ದವು. ಯಾರೋ ಮುಳುಗುತ್ತಿದ್ದಾರೆಂದು ಗಾಬರಿಯಾಗುವುದು ಸಹಜವೇ. ಅವನ ತಾಯಿ ಈಶ್ವರಮ್ಮ ಮಾತ್ರ ಮೊರದಲ್ಲಿ ಅಕ್ಕಿ ಆರಿಸುತ್ತ, "ಏನಿಲ್ಲ ಬನ್ನಿ ಮೇಷ್ಟ್ರೆ, ನಮ್ಮುಡ್ಗ ಉಸುರಾಡೋ ಮಿಸಿನ್ನು ನೋಡ್ತಾವ್ನೆ" ಎಂದರು.

ನರೇಶ ವಾರವಿಡೀ ಪೀಣ್ಯದಲ್ಲಿ ವೆಲ್ಡಿಂಗ್ ಮಾಡುವವನು. ಮದುವೆಗೆ ಮುಂಚೆ ಮಂಗಳೂರಿನ ಬಂದರಿನಲ್ಲಿ ಕಂಟ್ರಾಕ್ಟರೊಬ್ಬರ ಕೈಕೆಳಗಿದ್ದು ನೀರಿನಡಿಯ ಕೆಲಸ ಕಲಿತಿದ್ದ. ಮಾದನಾಯಕನಹಳ್ಳಿಯ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಲ್ಲಿ ನೀರು ನಿಂತಿದೆ. ಟ್ಯಾಂಕರಿನವರು ಅಲ್ಲಿಂದ ನೀರೆತ್ತುತ್ತಾರೆ. ಅವರ ಮೋಟಾರು ಹಗ್ಗ ಕಿತ್ತು ತಳ ಸೇರಿದರೆ ಭಾನುವಾರ ನರೇಶನಿಗೆ ಕರೆ ಬರುತ್ತದೆ. ಮೇಲೆ ನಿಂತು ಅವನ ಸೊಂಟದ ಹಗ್ಗ ಹಿಡಿಯುವವನು ಚಿಕ್ಕಪ್ಪನ ಮಗ ಲೋಕೇಶ.

ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿಯನ್ನು ಹದಗೊಳಿಸಿ ಬಾಯಿಗೆ ಉಸಿರಾಗಿ ಕೊಡುವುದೇ ರೆಗ್ಯುಲೇಟರು. ನರೇಶನ ಬಳಿ ಬಂದರಿನ ಕಾಲದ ಹಳೆಯದೊಂದಿತ್ತು. ಅದರ ಹಿತ್ತಾಳೆಯ ಗುಂಡಿಗೆ ಸುತ್ತಲೂ ತೂತುಗಳು. ನೀರು ಅವುಗಳಿಂದ ಒಳಹೊಕ್ಕು ಸ್ಪ್ರಿಂಗನ್ನು ಒತ್ತಿದಾಗಲೇ ಆಳಕ್ಕೆ ತಕ್ಕಷ್ಟು ಗಾಳಿ ಬರುವುದು.

ಆ ವರ್ಷದ ಆಯುಧಪೂಜೆಯಲ್ಲಿ ಈಶ್ವರಮ್ಮ ಬೈಕಿನ ಪಕ್ಕದಲ್ಲಿ ಅದನ್ನೂ ಮಣೆಯ ಮೇಲಿಟ್ಟರು. ನೀರಿಗಿಳಿಯುವ ಸಾಮಾನೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಒಂದೊಂದು ತೂತಿಗೂ ಬೆರಳೊತ್ತಿ ಬೊಟ್ಟಿಟ್ಟರು. ನರೇಶ ಮೇಲುಮೇಲೆ ಬಟ್ಟೆಯಲ್ಲಿ ಒರೆಸಿ, ಮುಂದಿನ ಭಾನುವಾರ ಕ್ವಾರಿಗೆ ಒಯ್ದ.

ತಳದಲ್ಲಿ ಕಣ್ಣಿಗೆ ಕೈ ಕಾಣದ ಕತ್ತಲು. ಮೋಟಾರನ್ನು ತಡವಿ ಕೊಕ್ಕೆ ಹಾಕುವಷ್ಟರಲ್ಲಿ ಬಾಯೊಳಗಿನ ಗಾಳಿ ಬುಸ್ಸೆಂದು ಸುರಿಯತೊಡಗಿತು, ನಿಲ್ಲಲೇ ಇಲ್ಲ. ಮೇಲೇಳಹೋದರೆ ಮೋಟಾರಿನ ಹಳೆಯ ಕೇಬಲ್ಲು ಕಣಕಾಲಿಗೆ ಸುತ್ತಿಕೊಂಡಿದೆ. ನೀರು ಕುದಿಯುವಂತೆ ಗುಳ್ಳೆಯೇಳುವುದನ್ನು ಕಂಡ ಲೋಕೇಶ ಗಾಬರಿಯಿಂದ ಹಗ್ಗ ಜಗ್ಗಿದ. ಜಗ್ಗಿದಷ್ಟೂ ಉರುಲು ಬಿಗಿಯಿತು. ಎಳೆಯಬೇಡವೆಂದು ಹೇಳುವ ಬಗೆಯಿಲ್ಲ. ನರೇಶ ಚಾಕುವಿನಿಂದ ಮೊದಲು ತನ್ನ ಸೊಂಟದ ಹಗ್ಗವನ್ನೇ ಕೊಯ್ದು, ಆಮೇಲೆ ಬಗ್ಗಿ ಕಾಲು ಬಿಡಿಸಿಕೊಂಡ. ಮೇಲೆ ಬಂದಾಗ ಸಿಲಿಂಡರು ಬರಿದಾಗಿತ್ತು.

"ಬರೀ ಹಗ್ಗ ಬಂತಲ್ಲೋ ಮಗಾ ಕೈಗೆ" ಎಂದು ಲೋಕೇಶ ಬಂಡೆಯ ಮೇಲೆ ಕುಸಿದ.

ಮನೆಯಲ್ಲಿ ರೆಗ್ಯುಲೇಟರನ್ನು ಬಿಚ್ಚಿದಾಗ ಸ್ಪ್ರಿಂಗಿನ ಸಂದಿನಿಂದ ಕೆಂಪು ಜಿಡ್ಡು ಹೊರಬಿತ್ತು. ಪಕ್ಕದಲ್ಲಿದ್ದ ಹೆಂಡತಿ ವೇಣಿ ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಸ್ಪ್ರಿಂಗನ್ನು ಕಚ್ಚಿ ಹಿಡಿದಿದ್ದು ಎಣ್ಣೆಯಲ್ಲಿ ಕಲಸಿದ ಕುಂಕುಮವೇ.

"ಏನಾಗಿತ್ತಪ್ಪ ಅದಕ್ಕೆ?" ಲೋಕೇಶನಿಂದ ಸುದ್ದಿ ತಿಳಿದಿದ್ದ ಈಶ್ವರಮ್ಮ ಒಳಗಿನಿಂದ ಬಂದು ಕೇಳಿದರು.

"ಹೂಳು ಸೇರ್ಕೊಂಡಿತ್ತು ಕಣವ್ವ."

"ನಾನಿಟ್ಟ ಬೊಟ್ಟೇ ನಿನ್ನ ಕಾಯ್ತು. ಬರೋ ವರ್ಸ ಇನ್ನೂ ಚೆಂದಾಗಿ ಮಾಡಾನ."

ಅವರು ಅತ್ತ ಹೋದ ಮೇಲೆ ವೇಣಿ, "ಹೇಳ್ಬಿಡಿ ಅವರಿಗೆ" ಎಂದಳು.

"ಹೇಳಿದ್ರೆ ಅವ್ವ ಇನ್ಮೇಲೆ ದೇವರಿಗೂ ಕುಂಕುಮ ಮುಟ್ಟಿಸಲ್ಲ ಕಣೆ."

"ಹಂಗಾದ್ರೆ ನೀರಿಗಿಳಿಯೋದು ಬಿಡಿ."

"ನಾನು ಬಿಟ್ರೆ ಲೋಕೇಶ ಇಳೀತಾನೆ, ಮೂಗು ಹಿಡ್ಕೊಂಡು. ಟ್ಯಾಂಕರಿನೋರು ಇಳಿಸ್ತಾರೆ."

ಯಾವ ಕಡೆ ತಿರುಗಿದರೂ ಕೇಬಲ್ಲು ಕಾಲಿಗೇ ಸುತ್ತಿಕೊಂಡಂತಿತ್ತು. ಮುಂದಿನ ಆಯುಧಪೂಜೆ ನೆನೆದರೆ ನರೇಶನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ವೈಟ್‌ಫೀಲ್ಡಿನ ಡೈವಿಂಗ್ ಅಂಗಡಿಗೆ ಹೋದ. ಅಲ್ಲಿನ ಸಿದ್ಧಾರ್ಥ್ ಅಂಡಮಾನಿಗೆ ಹೋಗುವವರಿಗೆ ಸಾಮಾನು ಕೊಡುವ ತರುಣ. ಫಳಫಳಿಸುವ ಹಗುರವಾದ ರೆಗ್ಯುಲೇಟರೊಂದನ್ನು ನರೇಶ ಕೈಗೆತ್ತಿಕೊಂಡಾಗ ಅವನೇ ತಡೆದ.

"ನೀವು ಹೇಳೋ ನೀರಿಗೆ ಅದು ಬೇಡ ಅಣ್ಣ. ಇದು ನೋಡಿ, ಸೀಲ್ ಆಗಿದೆ. ಮೇಲೆ ರಬ್ಬರ್ ಪೊರೆ ಇರೋದ್ರಿಂದ ನೀರಿನ ಒತ್ತಡ ಒಳಗೆ ಗೊತ್ತಾಗುತ್ತೆ, ನೀರು ಮಾತ್ರ ಹೋಗಲ್ಲ. ಸಿಲಿಂಡರ್‌ಗೆ ತಿರುಪಿ ಕೂರಿಸೋದೇ ತಗೊಳ್ಳಿ, ಕ್ಲಾಂಪಿನದು ಬಂಡೆಗೆ ತಾಗಿದ್ರೆ ಜರುಗುತ್ತೆ. ಮತ್ತೆ ಒಂದೇ ಸಾಲದು. ಎರಡು ಸಿಲಿಂಡರ್, ಎರಡಕ್ಕೂ ಬೇರೆ ಬೇರೆ ರೆಗ್ಯುಲೇಟರ್. ಸಿಕ್ಕಾಕ್ಕೊಂಡಾಗ ಒಂದು ಕೈಕೊಟ್ರೆ ಇನ್ನೊಂದ್ರಲ್ಲಿ ಉಸಿರಾಡ್ತಾ ಬಿಡಿಸ್ಕೋಬಹುದು."

ನರೇಶ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಕುಂಕುಮ ಹೋಗುತ್ತಾ ಸಾರ್ ಒಳಗೆ?"

"ಯಾವ ಕುಂಕುಮ?"

"ಎಣ್ಣೇಲಿ ಕಲ್ಸಿದ್ದು. ನಮ್ಮವ್ವ ಪೂಜೆ ಮಾಡುತ್ತೆ."

ಸಿದ್ಧಾರ್ಥ್ ನಗಲಿಲ್ಲ. "ನಮ್ಮಜ್ಜಿ ನನ್ನ ಲ್ಯಾಪ್‌ಟಾಪ್ ಮೇಲೆ ಅಕ್ಷತೆ ಸುರಿದು, ಒಂದು ಕೀ ಇವತ್ತಿಗೂ ಏಳಲ್ಲ. ಇದ್ರ ಒಳಗೆ ಹೋಗಲ್ಲ ಅಣ್ಣ, ಮೇಲಿಂದು ತೊಳೀರಿ ಸಾಕು. ಬಾಯಿಗಿಡೋ ಭಾಗಕ್ಕೆ ಮಾತ್ರ ಬಟ್ಟೆ ಕಟ್ಟಿಡಿ."

ಮುಂದಿನ ಆಯುಧಪೂಜೆಯಲ್ಲಿ ಈಶ್ವರಮ್ಮ ಬೆರಳಲ್ಲಿ ಕುಂಕುಮ ಹಿಡಿದು ಎರಡು ಹೊಸ ರೆಗ್ಯುಲೇಟರುಗಳನ್ನೂ ತಿರುವಿ ಹುಡುಕಿದರು. "ತೂತೇ ಇಲ್ವಲ್ಲೋ ಇದಕ್ಕೆ?"

"ಹೊಸ ಮಾಡಲ್ಲು ಕಣವ್ವ."

"ಬಟ್ಟೆ ಯಾಕೆ ಕಟ್ಟಿದೀಯ?"

"ದೃಷ್ಟಿ ಆಗ್ಬಾರ್ದು ಅಂತ."

ಈಶ್ವರಮ್ಮ ಒಪ್ಪಿ, ಎರಡಕ್ಕೂ ಒಂದೊಂದು ದೊಡ್ಡ ಬೊಟ್ಟಿಟ್ಟರು.

ನರೇಶ ಈಗಲೂ ಕ್ವಾರಿಗೆ ಇಳಿಯುತ್ತಾನೆ. ಹೊರಡುವ ಮೊದಲು ಸಂಪಿನಲ್ಲಿ ಮುಳುಗಿ, ಒಂದನ್ನು ಬಾಯಿಂದ ತೆಗೆದು ಇನ್ನೊಂದನ್ನು ಕಚ್ಚಿ ನೋಡುತ್ತಾನೆ. ಅದಾಗುವವರೆಗೆ ವೇಣಿ ಅಂಚಿನಿಂದ ಕದಲುವುದಿಲ್ಲ. ಹಳೆಯ ರೆಗ್ಯುಲೇಟರು ದೇವರ ಗೂಡಿನಲ್ಲಿದೆ. ಮಗನನ್ನು ಉಳಿಸಿದ್ದು ಅದೇ ಎಂದು ಈಶ್ವರಮ್ಮ ಅದಕ್ಕೆ ದಿನವೂ ತೂತು ತುಂಬ ಕುಂಕುಮವಿಡುತ್ತಾರೆ. "ಕೈಮುಗ್ದು ಹೋಗು ಮಗಾ" ಎಂದು ಅವರು ಹೇಳಿದಾಗ ನರೇಶ ಒದ್ದೆ ತಲೆಯಲ್ಲೇ ಹೋಗಿ ಅದಕ್ಕೆ ಕೈಮುಗಿಯುತ್ತಾನೆ, ಕಣ್ಣು ಮಾತ್ರ ಮುಚ್ಚುವುದಿಲ್ಲ.