ಒಂದು ಕಾಫಿಬೀಜದ ದೂರ

ಮ್ವಾನ್ಜಾ ವಿಮಾನನಿಲ್ದಾಣದ ಬೇಲಿಯ ಪಕ್ಕದ ಚಹಾದಂಗಡಿಯಲ್ಲಿ ಕೂತು, ಮುದುಕ ಮುಟಲೆಮ್ವಾನ ಎದುರು ‘ಸರೋವರದಾಚೆಯ ಬುಕೋಬಾ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ’ ಎಂದು ಬಾಯಿತಪ್ಪಿ ಅಂದಿರೋ, ಕೆಟ್ಟಿರಿ. ಮೂತಿಯಲ್ಲಿ ಫ್ಯಾನು ತಿರುಗುವ ಹಳೇ ವಿಮಾನಗಳನ್ನು ಸರೋವರದ ಮೇಲೆ ಹಾರಿಸಿ ನಿವೃತ್ತನಾದ ಆಸಾಮಿ ಅವನು. “ಗಡಿಯಾರ ನೋಡ್ಕೊಂಡು ಹೋಗೋದು ಆಸ್ಪತ್ರೆಗೆ ಕಣಯ್ಯಾ! ಬುಕೋಬಾ ಅಂದ್ರೆ ಒಂದು ಕಾಫಿಬೀಜದ ದೂರ. ಇಲ್ಲಿ ಬಾಯಿಗೆ ಹಾಕ್ಕೊಂಡ್ರೆ ಅಲ್ಲಿ ಇಳಿಯೋ ಹೊತ್ತಿಗೆ ಅಗಿದು ಮುಗಿದಿರುತ್ತೆ.” ಎದುರುಗಾಳಿಯಿದ್ದರೆ ಒಂದೂವರೆ ಬೀಜ, ರನ್‌ವೇಯಲ್ಲಿ ಆಡು ಮಲಗಿದ್ದರೆ ಎರಡು. “ಈಗಿನ ವಿಮಾನ ಬೀಜ ನೆನೆಯೋದ್ರೊಳಗೇ ಇಳಿಯುತ್ತಲ್ಲಜ್ಜಾ” ಎಂದು ಚಹಾದ ಹಲೀಮಾ ಕೆಣಕಿದರೆ, “ಅದಕ್ಕೇ ನಿಮ್ಮ ಸಂಸಾರಗಳೂ ಸಪ್ಪೆ” ಎಂದು ಗದರುತ್ತಾನೆ. ಅವನ ಹಾಯಾ ಜನರಲ್ಲಿ ಕಾಫಿಬೀಜವನ್ನು ಎಲೆಯಡಿಕೆಯಂತೆ ಅಗಿಯುವುದು ರೂಢಿ; ಒಂದೇ ಕಾಯಿಯ ಎರಡು ಬೀಜ ಹಂಚಿಕೊಂಡು ತಿಂದವರು ಜೀವಕ್ಕೆ ಜೀವ. ಬುಕೋಬಾದಿಂದ ಹೊರಡುವಾಗ ಹೆಂಡತಿ ಕೊಕುಗೊಂಜಾ ಕಾಯಿ ಸೀಳಿ ಒಂದು ಬೀಜ ಅವನ ಜೇಬಿಗೆ ಹಾಕುತ್ತಿದ್ದಳು. ಮರಳುವ ವಿಮಾನ ಮ್ವಾನ್ಜಾ ಬಿಟ್ಟಿತೆಂದು ಬುಕೋಬಾ ನಿಲ್ದಾಣದ ರೇಡಿಯೋದವನು ಕೂಗಿ ಹೇಳಿದೊಡನೆ ಅಲ್ಲಿ ತನ್ನದನ್ನು ಬಾಯಿಗಿಡುತ್ತಿದ್ದಳು, ಇಲ್ಲಿ ಇವನು. ಅವಳು ತೀರಿಹೋಗಿ ಎಷ್ಟೋ ಮಳೆಗಾಲವಾಯಿತು. ಈಗಲೂ ಬುಕೋಬಾ ವಿಮಾನ ಮೇಲೇರಿದಾಗ ಮುದುಕ ಕಾಯಿ ಸೀಳಿ ಒಂದು ಬೀಜ ಅಗಿಯುತ್ತಾನೆ. ದಿನವಿಡೀ ಕೆಣಕುವ ಹಲೀಮಾ ಕೂಡ ಆಗ ಅವನ ಚಹಾ ಆರದಂತೆ ಲೋಟದ ಮೇಲೆ ತಟ್ಟೆ ಮುಚ್ಚುತ್ತಾಳೆ. ಇನ್ನೊಂದು ಬೀಜವನ್ನು, ವಿಮಾನ ಅಲ್ಲಿ ಇಳಿಯುವಷ್ಟು ಹೊತ್ತೂ, ಅವನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದಿರುತ್ತಾನೆ.