ಅಂಜದವರ ಆಟ

ನಿಪ್ಪಾಣಿಯಲ್ಲಿ ನಮ್ಮ ಮೋಟರ್‌ಸೈಕಲ್‌ಗಳನ್ನು ರಿಪೇರಿ ಮಾಡುತ್ತಿದ್ದ ಮಿಸ್ತ್ರಿಗೆ ರೇಸಿನ ಹುಚ್ಚು. ತೊಂಬತ್ತರ ದಶಕದ ಆರಂಭದಲ್ಲಿ, ಅವರ ಮನೆಯ ಟಿವಿಯಲ್ಲಿ ರೇಸು ನೋಡಿದ ಮೇಲೆ, ಯಾವ ಕಾಲದ ರೇಸು ಶ್ರೇಷ್ಠ ಎಂದು ನಾವು ಗೆಳೆಯರು ವಾದಕ್ಕೆ ಕೂರುತ್ತಿದ್ದೆವು. ಈಗಿನದೇ ಎಂದು ನಾವಂದರೆ ಅವರು ಎಣ್ಣೆಯ ಕೈಯನ್ನು ತೊಡೆಗೆ ಒರೆಸಿ, "ಹಳೇ ಕಾಲದ್ದು ಗಂಡಸರ ಆಟರೀ. ಸಾಯಾಕ ಅಂಜತಿದ್ದಿಲ್ಲ," ಎನ್ನುತ್ತಿದ್ದರು. ಆ ಮಾತು ಕೇಳಲೆಂದೇ ನಾವು ಕೆಣಕುತ್ತಿದ್ದೆವು.

ಒಂದು ಸಂಜೆ ಹುರುಪಿನಲ್ಲಿ, ಕೊಲ್ಹಾಪುರದ ರೇಸಿನಲ್ಲಿ ಬಿದ್ದು ಸತ್ತಿದ್ದ ತಮ್ಮ ಅಣ್ಣನ ಮಾತನ್ನೂ ಎತ್ತಿದರು: "ನಮ್ಮಣ್ಣ ನಕ್ಕೋಂತ ಹೋದಾರಿ!"

ಚಹಾ ತಂದಿದ್ದ ಅತ್ತಿಗೆ, ಆ ಅಣ್ಣನ ಹೆಂಡತಿ, ಬಾಗಿಲಲ್ಲೇ ನಿಂತರು. "ಇಲ್ಲ ಭಾವಜಿ, ಅಂಜಿದ್ರು. ಕೈ ನಡಗಾಕತ್ತಿದ್ವು. ಹೆಲ್ಮೆಟ್ಟಿನ ಪಟ್ಟಿ ನಾನ ಬಿಗದ ಕಳಿಸೀನಿ. ಹಿಂದ ಸರದ್ರ ಮಂದಿ ನಗತಾರಂತ ಹೋದ್ರು."

ಮಿಸ್ತ್ರಿಯ ಮುಖ ಕಪ್ಪಿಟ್ಟಿತು. ಎದ್ದು ಅವರ ಕೈಯಿಂದ ಚಹದ ತಟ್ಟೆ ಇಸಿದುಕೊಂಡು, "ತಪ್ಪಾತ್ರಿ ವೈನಿ," ಎಂದರು. ನಮಗೂ ತಲೆ ಎತ್ತಲಾಗಲಿಲ್ಲ.

ಮುಂದೆ ಹೊಸಬನೊಬ್ಬ ಅದೇ ವಾದ ತೆಗೆದಾಗ ಅವರು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು. "ಈಗಿನ ಕಾಲನ ಚೊಲೋ ಐತಿಪಾ. ಹೋದವ್ರು ಮನಿಗೆ ಬರತಾರ."