ಹೆಂಗಸರ ವೇಟಿಂಗ್ ರೂಮಿನ ಆಯಾ

ಕಳೆದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ಯಾರೋ ಆಗಷ್ಟೇ ನೆಲ ಒರೆಸಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತವಳ ಮೂಗಿಗೆ ಫಿನಾಯಿಲ್ ವಾಸನೆ ಬಡಿದದ್ದೇ, ದಾವಣಗೆರೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮು ಎದುರಿಗೆ ಬಂತು. ಅದರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ಆಯಾ...

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಕಡೆಯ ಈ ಯಾವ ಊರಿಗೂ ರೈಲಿರಲಿಲ್ಲ. ರೈಲು ಹತ್ತುವವರೆಲ್ಲ ಬಸ್ಸಿನಲ್ಲಿ ದಾವಣಗೆರೆಗೆ ಬರಬೇಕಿತ್ತು. ಎಪ್ಪತ್ತರ ದಶಕದಲ್ಲಿ ಅದಿನ್ನೂ ಮೀಟರ್ ಗೇಜಿನ ಸ್ಟೇಷನ್ನು. ಕಲ್ಲಿದ್ದಲ ಹೊಗೆ, ರಟ್ಟಿನ ಟಿಕೆಟ್ಟು, ಗಾಡಿ ಹತ್ತಿರ ಬಂತೆಂದು ತಿಳಿಸುವ ಗಂಟೆ. ಹೊತ್ತಿಗೆ ಮುಂಚೆ ಬಂದ ಹೆಂಗಸರು ಕೂರಲು ಆ ಕೋಣೆ. ಎರಡು ಉದ್ದನೆಯ ಬೆಂಚು, ಒಂದು ಕನ್ನಡಿ, ನೀರಿನ ಹೂಜಿ ಇದ್ದವು. ಅದನ್ನು ತೊಳೆಯುವುದು, ಕಾಯುವುದು ಆಯಾಳ ಕೆಲಸ. ರೈಲ್ವೆ ಲೈನಿನ ಮೇಲೆ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ಆಕೆಗೆ ಅದು ಸಿಕ್ಕಿತ್ತಂತೆ. ಮಕ್ಕಳಿರಲಿಲ್ಲ.

ನಮ್ಮಕ್ಕನನ್ನು ಜಗಳೂರಿಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಎರಡು ಸಲ ನಮ್ಮೂರು ನಲ್ಲೂರಿಗೆ ಓಡಿ ಬಂದಿದ್ದಳು, ಎರಡು ಸಲವೂ ಅಪ್ಪ ಬುದ್ಧಿ ಹೇಳಿ ಬಿಟ್ಟು ಬಂದಿದ್ದರು. ಮೂರನೆಯ ಸಲ ಅವಳು ನಮ್ಮ ಮನೆಗೆ ಬರಲಿಲ್ಲ. ಆ ದಿನ ನನಗೆ ಬಟ್ಟೆ ಕೊಡಿಸಲು ಅಪ್ಪ ದಾವಣಗೆರೆಗೆ ಕರೆತಂದಿದ್ದರು. ಪೇಟೆಯಲ್ಲಿ ಸಿಕ್ಕ ಪರಿಚಯದವರೊಬ್ಬರು, ನಿಮ್ಮ ದೊಡ್ಡ ಮಗಳು ಒಬ್ಬಳೇ ಸ್ಟೇಷನ್ ಕಡೆ ಹೋಗುತ್ತಿದ್ದಳಲ್ಲ ಎಂದರು. ಅಪ್ಪ ನನ್ನ ಕೈ ಹಿಡಿದು ಓಡುನಡಿಗೆಯಲ್ಲಿ ಹೊರಟರು. ನನಗಾಗ ಹದಿಮೂರು.

ವೇಟಿಂಗ್ ರೂಮಿನ ಬಾಗಿಲಿಗೆ ಆಯಾ ಅಡ್ಡ ನಿಂತಳು. "ಗಂಡಸ್ರು ಒಳಗೆ ಬರಂಗಿಲ್ರೀ."

"ನಮ್ಮ ಮಗಳು ಅದಾಳೇನು ನೋಡ್ಬೇಕವ್ವಾ."

"ಅಂಥೋರು ಯಾರೂ ಇಲ್ಲ, ಹೋಗ್ರಿ."

"ಹಂಗಾರೆ ಇವಳು ನೋಡ್ಕಂಡು ಬರ್ಲಿ," ಎಂದರು ಅಪ್ಪ.

ಆಯಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಕ್ಕ ಒಳಗಿನ ಬೆಂಚಿನ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ನನ್ನನ್ನು ಹತ್ತಿರ ಎಳೆದುಕೊಂಡು, "ಅಪ್ಪಗೆ ಹೇಳ್ಬ್ಯಾಡ ಕಣೇ. ಹುಬ್ಬಳ್ಳಿಯಾಗೆ ನನ್ನ ಗೆಳತಿ ಅದಾಳೆ, ನರ್ಸ್ ಕೆಲಸ ಕಲಿಯಾಕೆ ಹೋಗ್ತಿದೀನಿ. ಇನ್ನರ್ಧ ಗಂಟೆಗೆ ಗಾಡಿ ಐತೆ," ಎಂದಳು. ಹೂಂ ಎಂದು ಹೊರಗೆ ಬಂದೆ.

ಅಪ್ಪ ಬಗ್ಗಿ ಮೆಲ್ಲಗೆ ಕೇಳಿದರು. "ಇದ್ರೆ ಹೇಳು ಮಗಾ. ಈ ಸಲ ಜಗಳೂರಿಗೆ ಕಳ್ಸಲ್ಲ. ನಮ್ಮನೇಗೇ ಕರ್ಕಂಡು ಹೋಗಾನ."

ನಾನು ನಂಬಿದೆ. ಅಕ್ಕ ಇನ್ನು ನನ್ನ ಪಕ್ಕದಲ್ಲೇ ಮಲಗುತ್ತಾಳೆ ಎಂದು ಖುಷಿಯಾಯಿತು. ತಲೆಯಾಡಿಸಿದೆ. ಆಯಾ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಚೀಲ ಹಿಡಿದು ಹೊರಬಂದ ಅಕ್ಕ ನನ್ನ ಕಡೆ ತಿರುಗಲಿಲ್ಲ.

ಅಪ್ಪ ಎಂಟು ದಿನ ಮಾತು ಉಳಿಸಿಕೊಂಡರು. ಒಂಬತ್ತನೆಯ ದಿನ ಜಗಳೂರಿನಿಂದ ನಾಲ್ಕು ಜನ ಹಿರಿಯರು ಬಂದರು. ಅವರ ಎದುರು ಆಗುವುದಿಲ್ಲ ಎನ್ನುವ ಧೈರ್ಯ ಅಪ್ಪನಿಗೆ ಇರಲಿಲ್ಲ. ಅಕ್ಕನನ್ನು ಅವರ ಜೊತೆ ಕಳಿಸಿದರು. ಮುಂದಿನ ವರ್ಷದ ಮಳೆಗಾಲದಲ್ಲಿ ಸುದ್ದಿ ಬಂತು. ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳಂತೆ. ಭದ್ರಾ ನಾಲೆಯಲ್ಲಿ ನನಗೆ ಈಜು ಕಲಿಸಿದವಳು ಅಕ್ಕ...

ಎಂಬತ್ತರ ದಶಕದಲ್ಲಿ ನನಗೆ ಹಾವೇರಿ ಕಡೆ ಟೀಚರ್ ಕೆಲಸ ಸಿಕ್ಕಿತು. ಊರಿಗೆ ಬಂದಾಗಲೆಲ್ಲ ಅದೇ ಸ್ಟೇಷನ್ನಿನಿಂದ ವಾಪಸ್ಸು ಹೋಗಬೇಕು. ಮೊದಲ ಸಲ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದೆ. ಕೈಯಲ್ಲಿ ಪೊರಕೆ ಹಿಡಿದ ಆಯಾ ಹತ್ತಿರ ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು.

"ನೀನು ಆ ನಲ್ಲೂರಿನ ಹುಡುಗಿ ಅಲ್ವೇನವ್ವ? ಮುಖದಾಗೆ ನಿಮ್ಮಕ್ಕನೇ ಅದಾಳೆ. ಹೆಂಗದಾಳೆ ಆಕಿ?"

"ಚೆನ್ನಾಗದಾಳೆ ಆಯಾ," ಎಂದೆ. ಬಾಯಿಂದ ಹಾಗೆ ಬಂದುಬಿಟ್ಟಿತು.

ಆಕೆ ಪೊರಕೆ ಗೋಡೆಗೆ ಒರಗಿಸಿ ಅಲ್ಲೇ ಕೂತಳು. "ಅವತ್ತು ನಾನು ಬಾಗಿಲು ಬಿಡಬಾರ್ದಿತ್ತು. ಸಣ್ಣ ಹುಡುಗಿ, ಅಕ್ಕನ್ನ ಬಿಟ್ಟುಕೊಡಲ್ಲ ಅಂದ್ಕಂಡೆ. ಇಷ್ಟು ವರ್ಷ ಅದೇ ಕೊರೀತಿತ್ತು. ಈಗ ಜೀವಕ್ಕೆ ಸಮಾಧಾನ ಆತು ನೋಡು."

ಅಲ್ಲಿಂದ ಮುಂದೆ ನಾನು ಸ್ಟೇಷನ್ನಿಗೆ ಹೋದಾಗಲೆಲ್ಲ ಅಕ್ಕನ ಸುದ್ದಿ ಕೇಳುತ್ತಿದ್ದಳು. ನಾನು ಹೇಳುತ್ತಾ ಹೋದೆ. ಗಂಡ ಸುಧಾರಿಸಿದ್ದಾನೆ, ಮಗಳು ಹುಟ್ಟಿದ್ದಾಳೆ, ಶಾಲೆಗೆ ಸೇರಿಸಿದ್ದಾರೆ. ಒಂದು ಸಲ ಆ ಮಗುವಿಗೆಂದು ಪುಟ್ಟ ಗಾಜಿನ ಬಳೆ ತಂದುಕೊಟ್ಟಳು. ಅದನ್ನು ಇಸಿದುಕೊಂಡು ಗಾಡಿ ಹತ್ತಿದವಳು ದಾರಿಯುದ್ದಕ್ಕೂ ಅತ್ತೆ. ಇನ್ನು ಸುಳ್ಳು ಹೇಳಲಾರೆ, ಮುಂದಿನ ಸಲ ಇದ್ದದ್ದು ಹೇಳಿಬಿಡಬೇಕು ಎಂದುಕೊಂಡೆ. ಎದುರಿಗೆ ನಿಂತಾಗ ಪ್ರತಿ ಸಲವೂ ಇನ್ನೊಂದು ಸುಳ್ಳನ್ನೇ ಹೇಳಿ ಗಾಡಿ ಹತ್ತಿದೆ.

ಕೊನೆಗೊಮ್ಮೆ ಗಟ್ಟಿ ಮನಸ್ಸು ಮಾಡಿ ಹೋದಾಗ ಸ್ಟೂಲಿನ ಮೇಲೆ ಬೇರೆ ಹೆಂಗಸಿದ್ದಳು. ಆಯಾ ರಿಟೈರಾಗಿ ನ್ಯಾಮತಿಯಲ್ಲಿ ತಂಗಿಯ ಮಗಳ ಮನೆ ಸೇರಿದ್ದಾಳೆ ಎಂದಳು. ಬೇಸಿಗೆ ರಜೆ ಬಂದ ಮೇಲೆ ಹುಡುಕಿಕೊಂಡು ಹೋದೆ. ತಂಗಿಯ ಮಗಳೇ ಬಾಗಿಲು ತೆಗೆದಳು. ಆಯಾ ತೀರಿಕೊಂಡು ಎರಡು ತಿಂಗಳಾಗಿತ್ತು.

"ಜಗಳೂರಿನಾಗೆ ನಂಗೊಬ್ಳು ಮಗಳು ಅದಾಳೆ, ಮೊಮ್ಮಗಳು ಸಾಲಿಗೆ ಹೋಗ್ತಾಳೆ ಅಂತ ಬಂದೋರಿಗೆಲ್ಲ ಹೇಳ್ತಿತ್ತು ನಮ್ಮ ದೊಡ್ಡವ್ವ. ನಾವು ಯಾರೂ ನೋಡಿಲ್ಲ ಅವ್ರನ್ನ. ನೀವೇ ಏನ್ರೀ?"

"ಅಲ್ಲವ್ವ, ಅವಳ ತಂಗಿ," ಎಂದೆ. ಕೊಟ್ಟ ನೀರು ಕುಡಿದು ಎದ್ದೆ.

ಆಮೇಲೆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಅಲ್ಲಿ ಮೂರು ಭಾಷೆಯಲ್ಲಿ ಗಾಡಿಯ ಸುದ್ದಿ ಕೂಗುತ್ತಾರೆ. ಹಳೆಯ ಕೋಣೆ ಎಲ್ಲಿತ್ತೆಂದು ಅಂದಾಜು ಮಾಡಿಕೊಳ್ಳುವುದೂ ಕಷ್ಟ. ಅಪ್ಪನೂ ಹೋದರು. ಒಂದು ಮಧ್ಯಾಹ್ನ ನಮ್ಮಕ್ಕ ಅಲ್ಲಿ ಹುಬ್ಬಳ್ಳಿ ಗಾಡಿಗೆ ಕಾದು ಕೂತಿದ್ದಳೆಂದು ಬಲ್ಲವರು ಈಗ ನಾನೊಬ್ಬಳೇ.